ದಂಡಿನ ವೈದ್ಯನ ಕೆಲಸವೂ ಮನಸ್ಸಿನ ತೃಪ್ತಿಯೂ



ಯುದ್ಧದ ಕಥೆಗಳಲ್ಲಿ ದಳಪತಿಗಳ ಹೆಸರು ಬರುತ್ತದೆ. ಶತ್ರುವಿನ ಕಂದಕವನ್ನು ದಾಟಿದ ವೀರನ ಹೆಸರು ಬರುತ್ತದೆ. ಗಾಯಗೊಂಡವನ ಪಕ್ಕದಲ್ಲಿ ಮೊಣಕಾಲೂರಿ ರಕ್ತವನ್ನು ನಿಲ್ಲಿಸುವವನ ಹೆಸರಾಗಲಿ, ಪಾಳೆಯದ ಕುಡಿಯುವ ನೀರನ್ನು ಪರೀಕ್ಷಿಸುವವನ ಹೆಸರಾಗಲಿ ಬರುವುದು ಅಪರೂಪ. ಅವನೂ ಸಮವಸ್ತ್ರವನ್ನು ತೊಟ್ಟವನೆ. ಅಂಥವನು ತನ್ನ ಉದ್ಯೋಗವನ್ನು ಕುರಿತು ಏನು ಭಾವಿಸುತ್ತಾನೆ, ಅದರಲ್ಲಿ ಅವನಿಗೆ ತೃಪ್ತಿ ಉಂಟೋ ಇಲ್ಲವೋ, ಇದ್ದರೆ ಯಾವುದರಿಂದ, ಇಲ್ಲದಿದ್ದರೆ ಯಾವುದರಿಂದ ಎಂಬ ವಿಚಾರವನ್ನು ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಕಚೇರಿಯ ಗುಮಾಸ್ತನಿಗೆ ಕೆಲಸದಲ್ಲಿ ಬೇಸರ ಹುಟ್ಟಿದರೆ ಕಾಗದಪತ್ರಗಳು ನಾಲ್ಕು ದಿನ ತಡವಾದಾವು. ದಂಡಿನ ವೈದ್ಯನಿಗೆ ಬೇಸರ ಹುಟ್ಟಿದರೆ, ಅಥವಾ ತನ್ನ ಮಾತನ್ನು ಕೇಳುವವರಿಲ್ಲವೆಂದು ಅವನು ಸುಮ್ಮನಾದರೆ, ನಷ್ಟವನ್ನು ಸಾವಿರಾರು ಜೀವಗಳಲ್ಲಿ ಎಣಿಸಬೇಕಾಗುತ್ತದೆ. ಇದು ಅಲಂಕಾರದ ಮಾತಲ್ಲ. ಲೆಕ್ಕವನ್ನು ಮುಂದೆ ಕೊಡುತ್ತೇನೆ.

ಮೊದಲು ಈ ಉದ್ಯೋಗದ ಸ್ವರೂಪವನ್ನು ಸ್ವಲ್ಪ ನೋಡೋಣ. ಊರಿನ ವೈದ್ಯನಿಗೆ ಒಬ್ಬನೇ ಯಜಮಾನ; ಅವನೇ ರೋಗಿ. ದಂಡಿನ ವೈದ್ಯನಿಗೆ ಇಬ್ಬರು ಯಜಮಾನರು. ರೋಗಿಯು ಒಂದು ಕಡೆ, ದಳಪತಿಯು ಮತ್ತೊಂದು ಕಡೆ. ಜ್ವರದಿಂದ ಎದ್ದ ಸಿಪಾಯಿಗೆ ಇನ್ನೂ ಹತ್ತು ದಿನ ವಿಶ್ರಾಂತಿ ಬೇಕೆಂದು ವೈದ್ಯಶಾಸ್ತ್ರ ಹೇಳುತ್ತದೆ. ನಾಳೆಯೇ ಸಾಲಿನಲ್ಲಿ ನಿಲ್ಲಬೇಕೆಂದು ಯುದ್ಧ ಹೇಳುತ್ತದೆ. ಸಡಿಲ ಬಿಟ್ಟರೆ ಮೃದುಸ್ವಭಾವದವನೆಂದು ಅಧಿಕಾರಿಗಳು ಹಳಿಯುತ್ತಾರೆ. ಬಿಗಿ ಮಾಡಿದರೆ ಸಿಪಾಯಿಯು ಶಪಿಸುತ್ತಾನೆ. ಮೊದಲನೆಯ ಮಹಾಯುದ್ಧದಲ್ಲಿ ಕಾಲುದಳದ ವೈದ್ಯನಾಗಿದ್ದು ಮುಂದೆ ಚರ್ಚಿಲನ ವೈದ್ಯನಾದ ಲಾರ್ಡ್ ಮೊರಾನ್ ಎಂಬಾತನು ಸೈನಿಕನ ಧೈರ್ಯವನ್ನು ಕುರಿತು 1945ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಧೈರ್ಯವೆಂಬುದು ಕೂಡಿಟ್ಟ ಬಂಡವಾಳದಂತೆ, ಪ್ರತಿಯೊಬ್ಬನೂ ದಿನದಿನವೂ ಅದನ್ನು ಖರ್ಚುಮಾಡುತ್ತಾ ಬರುತ್ತಾನೆ ಎಂಬುದು ಅವನ ಮತ. ಯಾರ ಬಂಡವಾಳ ಮುಗಿಯಿತು, ಯಾರದು ಇನ್ನೂ ಉಳಿದಿದೆ ಎಂದು ತೀರ್ಮಾನಿಸುವ ಭಾರ ವೈದ್ಯನ ಮೇಲೆ ಬೀಳುತ್ತದೆ. ಆ ತೀರ್ಮಾನಕ್ಕೆ ನಾಡಿಯೂ ಉಷ್ಣಮಾಪಕವೂ ಸಾಲವು.

ಇದಲ್ಲದೆ ಈ ಉದ್ಯೋಗದಲ್ಲಿ ಇನ್ನೊಂದು ವೈಷಮ್ಯವುಂಟು. ಸಿಪಾಯಿಗಳೆಂದರೆ ಆರಿಸಿ ತೆಗೆದ ಗಟ್ಟಿಮುಟ್ಟಾದ ತರುಣರು. ಶಾಂತಿಯ ಕಾಲದಲ್ಲಿ ಅವರನ್ನು ಮಾತ್ರ ನೋಡಿಕೊಳ್ಳುವ ವೈದ್ಯನಿಗೆ ಕೆಮ್ಮು, ಹುಣ್ಣು, ಉಳುಕು ಇಷ್ಟರ ಹೊರತು ಕೆಲಸವಿಲ್ಲ. ಯುದ್ಧ ಬಂದೊಡನೆ ಒಂದೇ ರಾತ್ರಿಯಲ್ಲಿ ನೂರು ಮಂದಿ ಡೋಲಿಗಳಲ್ಲಿ ಬಂದು ಬೀಳುತ್ತಾರೆ. ವರ್ಷಗಟ್ಟಲೆ ತುಕ್ಕು ಹಿಡಿದ ಕೈ ಒಂದು ಗಂಟೆಯೊಳಗೆ ಹರಿತವಾಗಬೇಕು.

ಇಂಥ ಕಸಬಿನಲ್ಲಿರುವವರ ಅತೃಪ್ತಿಯು ಹೇಗೆ ಹೊರಬಿತ್ತೆಂಬುದಕ್ಕೆ ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಸೈನ್ಯದ ಚರಿತ್ರೆ ಒಳ್ಳೆಯ ನಿದರ್ಶನ. ಆಗ್ಗೆ ವೈದ್ಯನಿಗೆ ಸೈನ್ಯದಲ್ಲಿ ನಿಜವಾದ ದರ್ಜೆ ಇರಲಿಲ್ಲ. ಕ್ರಿಮಿಯಾ ಯುದ್ಧದ ದುರವಸ್ಥೆಯನ್ನು ಕಂಡಮೇಲೆ, 1858ರ ರಾಜಾಜ್ಞೆಯಲ್ಲಿ ಅವನಿಗೆ 'ಸಮಾನ ದರ್ಜೆ' ಎಂಬುದೊಂದನ್ನು ಕೊಟ್ಟರು. ಎಂದರೆ ಇಂಥ ವೈದ್ಯನು ಕ್ಯಾಪ್ಟನನಿಗೆ ಸಮಾನ, ಇಂಥವನು ಮೇಜರನಿಗೆ ಸಮಾನ. ಆದರೆ ಕ್ಯಾಪ್ಟನನೂ ಅಲ್ಲ, ಮೇಜರನೂ ಅಲ್ಲ. ಸೈನಿಕ ನ್ಯಾಯಸಭೆಗೆ ಅವನು ಅಧ್ಯಕ್ಷನಾಗುವಂತಿಲ್ಲ. ಪಂಕ್ತಿಯಲ್ಲಿ ಕೂರಿಸಿ ಎಲೆಯನ್ನು ಹಾಕದಂತೆ ಆಯಿತು. 1873ರಲ್ಲಿ ಇನ್ನೊಂದು ಬದಲಾವಣೆ ಬಂದಿತು. ಅದುವರೆಗೆ ಒಂದೊಂದು ಪಟಾಲಮಿಗೆ ಅದರದೇ ವೈದ್ಯನಿದ್ದನು. ಅವನು ಆ ಪಟಾಲಮಿನ ಉಡುಪನ್ನು ತೊಟ್ಟು, ಆ ಅಧಿಕಾರಿಗಳೊಡನೆ ಉಂಡು, ಅವರ ಮನೆಮಕ್ಕಳ ಕಾಯಿಲೆಯನ್ನೂ ನೋಡಿಕೊಂಡು ಒಂದು ಕುಟುಂಬದವನಂತೆ ಇದ್ದನು. ಆಡಳಿತದ ಅನುಕೂಲಕ್ಕಾಗಿ ಈ ಪದ್ಧತಿಯನ್ನು ತೆಗೆದು, ವೈದ್ಯರನ್ನೆಲ್ಲಾ ಒಂದೇ ಇಲಾಖೆಯಲ್ಲಿ ಸೇರಿಸಿ, ಬೇಕಾದ ಕಡೆಗೆ ಕಳುಹಿಸತೊಡಗಿದರು. ಯುದ್ಧಕಾಲದಲ್ಲಿ ದೊಡ್ಡ ಆಸ್ಪತ್ರೆಗಳನ್ನು ನಡೆಸುವುದಕ್ಕೆ ಈ ಏರ್ಪಾಡೇ ಸರಿಯೆಂದು ಒಪ್ಪಬೇಕು. ಆದರೆ ವೈದ್ಯನ ಪಾಲಿಗೆ ಮನೆಯೂ ಹೋಯಿತು, ದರ್ಜೆಯೂ ಬರಲಿಲ್ಲ.

ಮೇಲಾಗಿ 1887ರಲ್ಲಿ ಆ 'ಸಮಾನ ದರ್ಜೆ'ಯನ್ನೂ ತೆಗೆದುಹಾಕಿದರು. ವೈದ್ಯರಲ್ಲಿ ಕೋಪವು ಭುಗಿಲೆದ್ದಿತು. ಬ್ರಿಟಿಷ್ ವೈದ್ಯಸಂಘವು ಅವರ ಪಕ್ಷವನ್ನು ವಹಿಸಿತು. ವೈದ್ಯಶಾಲೆಗಳ ತರುಣರು ಸೈನ್ಯದ ಕಡೆಗೆ ತಿರುಗಿ ನೋಡದಾದರು. ಪರೀಕ್ಷೆಗೆ ಬರುವ ಅಭ್ಯರ್ಥಿಗಳು ಕಡಮೆಯಾದರು. 1891ರಲ್ಲಿ ಸರ್ಕಾರವು ಒಂದು ಹೆಜ್ಜೆ ಮುಂದಿಟ್ಟು 'ಸರ್ಜನ್-ಕ್ಯಾಪ್ಟನ್' 'ಸರ್ಜನ್-ಕರ್ನಲ್' ಎಂಬ ಜೋಡುಹೆಸರುಗಳನ್ನು ಕೊಟ್ಟಿತು. ಇದರಿಂದಲೂ ಯಾರೂ ಸಮಾಧಾನಗೊಳ್ಳಲಿಲ್ಲ. ಕೊನೆಗೆ ಯುದ್ಧಮಂತ್ರಿಯಾಗಿದ್ದ ಲಾರ್ಡ್ ಲ್ಯಾನ್ಸ್‌ಡೌನನ ಕಾಲದಲ್ಲಿ, 1898ರ ಜೂನ್ 23ರ ರಾಜಾಜ್ಞೆಯಂತೆ, ರಾಯಲ್ ಆರ್ಮಿ ಮೆಡಿಕಲ್ ಕೋರ್ ಎಂಬ ದಳವು ಸ್ಥಾಪಿತವಾಯಿತು. ವೈದ್ಯರಿಗೆ ಉಳಿದವರಂತೆಯೇ ಕ್ಯಾಪ್ಟನ್, ಮೇಜರ್, ಕರ್ನಲ್ ಎಂಬ ಹುದ್ದೆಗಳು ದೊರೆತುವು. ನಲವತ್ತು ವರ್ಷಗಳ ವ್ಯಾಜ್ಯ ಹೀಗೆ ಮುಗಿಯಿತು.

ಇದನ್ನು ಓದಿದವರಿಗೆ, ವೈದ್ಯಶಾಸ್ತ್ರವನ್ನು ಕಲಿತ ದೊಡ್ಡ ಮನುಷ್ಯರು ಭುಜದ ಮೇಲಿನ ನಕ್ಷತ್ರಗಳಿಗಾಗಿ ಮಕ್ಕಳಂತೆ ಜಗಳವಾಡಿದರಲ್ಲಾ ಎಂದು ತೋರಬಹುದು. ಆಗಿನ ಸೇನಾಧಿಕಾರಿಗಳಲ್ಲಿ ಅನೇಕರು ಹಾಗೆಯೇ ನಕ್ಕರು. ಆದರೆ ಮಾರನೆಯ ವರ್ಷವೇ ದಕ್ಷಿಣ ಆಫ್ರಿಕದಲ್ಲಿ ಬೋಯರ್ ಯುದ್ಧ ಪ್ರಾರಂಭವಾಯಿತು. ದರ್ಜೆ ಕಾಗದದ ಮೇಲೆ ಬಂದಿತ್ತೇ ಹೊರತು ಗೌರವವು ಜನಗಳ ಮನಸ್ಸಿಗೆ ಬಂದಿರಲಿಲ್ಲ. ಆಗ ಸೈನ್ಯದ ಮುಖ್ಯಾಧಿಪತಿಯಾಗಿದ್ದ ವುಲ್ಸ್‌ಲಿಯು, ರಣರಂಗದಲ್ಲಿ ಆರೋಗ್ಯಾಧಿಕಾರಿಯೆಂಬವನು ನಿಷ್ಪ್ರಯೋಜಕನೆಂಬ ಅರ್ಥದ ಮಾತನ್ನು ಸೈನಿಕರಿಗಾಗಿ ತಾನು ರಚಿಸಿದ ಕೈಪಿಡಿಯಲ್ಲಿಯೇ ಬರೆದಿದ್ದನು. 1900ರಲ್ಲಿ ಪಾರ್ಡೆಬರ್ಗ್ ಎಂಬಲ್ಲಿ ಸಿಪಾಯಿಗಳು ಹೆಣಗಳು ತೇಲುತ್ತಿದ್ದ ನದಿಯ ನೀರನ್ನೇ ಬಾಯಾರಿಕೆಯಿಂದ ಕುಡಿದರು. ಅಲ್ಲಿಂದ ಬ್ಲೂಮ್‌ಫಾಂಟೀನ್ ಪಟ್ಟಣವನ್ನು ಸೇರುವುದರೊಳಗಾಗಿ ವಿಷಮಶೀತಜ್ವರವು ಸೈನ್ಯವನ್ನು ಹಿಡಿಯಿತು. ಆ ಯುದ್ಧದಲ್ಲಿ ಬ್ರಿಟಿಷ್ ಪಕ್ಷದಲ್ಲಿ ಈ ಜ್ವರಕ್ಕೆ ಸಿಕ್ಕಿದವರು 50,000ಕ್ಕೂ ಹೆಚ್ಚು. ಸತ್ತವರು ಸುಮಾರು 8,000. ಶತ್ರುವಿನ ಗುಂಡಿಗಿಂತ ರೋಗಗಳೇ ಹೆಚ್ಚು ಮಂದಿಯನ್ನು ಕೊಂದುವು. ಆ ಜ್ವರಕ್ಕೆ ಚುಚ್ಚುಮದ್ದನ್ನು ನೆಟ್ಲಿಯ ಸೈನಿಕ ವೈದ್ಯಶಾಲೆಯ ಪ್ರಾಧ್ಯಾಪಕನಾಗಿದ್ದ ಆಲ್ಮ್‌ರಾತ್ ರೈಟನು ಆಗಲೇ ಕಂಡುಹಿಡಿದಿದ್ದನು. ಆದರೆ ಅದನ್ನು ಹಾಕಿಸಿಕೊಳ್ಳುವುದು ಅವರವರ ಇಷ್ಟಕ್ಕೆ ಬಿಟ್ಟಿದ್ದುದರಿಂದ ಬಹು ಸ್ವಲ್ಪ ಮಂದಿ ಮಾತ್ರ ಹಾಕಿಸಿಕೊಂಡರು. ರೈಟನು 1902ರಲ್ಲಿ ಆ ಕೆಲಸವನ್ನೇ ಬಿಟ್ಟು ಲಂಡನ್ನಿನ ಆಸ್ಪತ್ರೆಯೊಂದಕ್ಕೆ ಹೊರಟುಹೋದನು.

ಆದಕಾರಣ, ವೈದ್ಯನು ದರ್ಜೆಯನ್ನು ಕೇಳಿದುದು ಬರಿಯ ಡಂಭವಲ್ಲವೆಂದು ನನ್ನ ಅಭಿಪ್ರಾಯ. ಸೈನ್ಯದಲ್ಲಿ ಮಾತಿಗೆ ತೂಕ ಬರುವುದು ಹುದ್ದೆಯಿಂದ. ನೀರನ್ನು ಕಾಯಿಸಿ ಕುಡಿಯಿರಿ, ಶೌಚದ ಗುಂಡಿಗಳನ್ನು ದೂರದಲ್ಲಿ ತೋಡಿರಿ ಎಂದು ಹೇಳುವವನು ಮೇಜರಾದರೆ ಅದು ಅಪ್ಪಣೆ. ಬರಿಯ ಡಾಕ್ಟರಾದರೆ ಅದು ಸಲಹೆ. ಸಲಹೆಯನ್ನು ದಣಿದ ಪಟಾಲಮು ಕೇಳುವುದಿಲ್ಲ.

ಈಗ ಸ್ವಲ್ಪ ಶಾಸ್ತ್ರದ ಕಡೆಗೆ ತಿರುಗೋಣ. ಉದ್ಯೋಗದ ತೃಪ್ತಿಯನ್ನು ಕುರಿತು ಇಪ್ಪತ್ತನೆಯ ಶತಮಾನದಲ್ಲಿ ಬಹಳ ಪರಿಶೋಧನೆಗಳು ನಡೆದುವು. ಅವುಗಳಲ್ಲಿ ಹೆಚ್ಚು ಹೆಸರಾದುದು ಅಮೆರಿಕದ ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞನು ಇಬ್ಬರು ಸಹೋದ್ಯೋಗಿಗಳೊಡನೆ ಸೇರಿ 1959ರಲ್ಲಿ ಪ್ರಕಟಿಸಿದುದು. ಪಿಟ್ಸ್‌ಬರ್ಗ್ ಪ್ರಾಂತದ ಸುಮಾರು 200 ಮಂದಿ ಇಂಜಿನಿಯರುಗಳನ್ನೂ ಲೆಕ್ಕಪತ್ರಗಳನ್ನು ನೋಡುವವರನ್ನೂ ಕರೆದು, 'ಕೆಲಸದಲ್ಲಿ ನಿಮಗೆ ಅತ್ಯಂತ ಸಂತೋಷವಾದ ಸಂದರ್ಭವಾವುದು, ಅತ್ಯಂತ ಬೇಸರವಾದ ಸಂದರ್ಭವಾವುದು?' ಎಂದು ಇವರು ಕೇಳಿದರು. ಉತ್ತರಗಳನ್ನು ವಿಂಗಡಿಸಿದಾಗ ಒಂದು ವಿಚಿತ್ರವು ಕಂಡುಬಂದಿತು. ಬೇಸರದ ಕಥೆಗಳಲ್ಲೆಲ್ಲಾ ಸಂಬಳ, ಮೇಲಧಿಕಾರಿಯ ನಡತೆ, ಕಚೇರಿಯ ನಿಬಂಧನೆ, ಸ್ಥಳದ ಅನಾನುಕೂಲ ಇವು ಬರುತ್ತಿದ್ದುವು. ಸಂತೋಷದ ಕಥೆಗಳಲ್ಲಿ ಇವುಗಳ ಪ್ರಸ್ತಾಪ ಕಡಮೆ; ಅಲ್ಲಿ ಬರುತ್ತಿದ್ದುವು ಸಾಧಿಸಿದ ಕಾರ್ಯ, ದೊರೆತ ಮನ್ನಣೆ, ಹೊತ್ತ ಹೊಣೆ, ಕೆಲಸದ ಸವಿ. ಎಂದಮೇಲೆ ಅತೃಪ್ತಿಯನ್ನು ತೊಲಗಿಸುವುದು ಬೇರೆ, ತೃಪ್ತಿಯನ್ನುಂಟುಮಾಡುವುದು ಬೇರೆ ಎಂದು ಹರ್ಜ್‌ಬರ್ಗನು ಸಿದ್ಧಾಂತಮಾಡಿದನು. ಮೊದಲನೆಯ ಬಗೆಯ ಕಾರಣಗಳಿಗೆ ಅವನು ಇಟ್ಟ ಹೆಸರು ವೈದ್ಯರಿಂದ ಕಡ ತಂದದ್ದು: ನೈರ್ಮಲ್ಯದ ಕಾರಣಗಳು. ಶುದ್ಧವಾದ ನೀರು ರೋಗವನ್ನು ತಡೆಯುತ್ತದೆ. ಆದರೆ ಅಷ್ಟರಿಂದಲೇ ಯಾರೂ ಜಟ್ಟಿಯಾಗುವುದಿಲ್ಲ. ಹಾಗೆಯೇ ಸಂಬಳವೂ ಸೌಕರ್ಯವೂ ಗೊಣಗಾಟವನ್ನು ತಡೆಯುತ್ತವೆ; ಅವುಗಳಿಂದ ಕೆಲಸದಲ್ಲಿ ಪ್ರೀತಿ ಹುಟ್ಟುವುದಿಲ್ಲ.

ಈ ಸಿದ್ಧಾಂತಕ್ಕೆ ಆಕ್ಷೇಪಣೆಗಳೂ ಉಂಟು. ಗೆಲುವನ್ನು ತನ್ನ ಸಾಮರ್ಥ್ಯಕ್ಕೂ ಸೋಲನ್ನು ಪರರ ದೋಷಕ್ಕೂ ಕಟ್ಟುವುದು ಮನುಷ್ಯಸ್ವಭಾವ. ಹಾಗೆ ಕೇಳಿದರೆ ಹೀಗೆ ಉತ್ತರ ಬರುವುದು ಸಹಜವೇ ಎಂದು ಇತರ ಪಂಡಿತರು ತೋರಿಸಿದ್ದಾರೆ. ನಾನು ಮೇಲೆ ಹೇಳಿದ ದರ್ಜೆಯ ವಿಷಯವೂ ಇವನ ಎರಡು ಪೆಟ್ಟಿಗೆಗಳಲ್ಲಿ ಸರಿಯಾಗಿ ಕೂರುವುದಿಲ್ಲ. ಸೈನ್ಯದ ವೈದ್ಯನಿಗೆ ಅದು ಸೌಕರ್ಯವೂ ಹೌದು, ಕೆಲಸದ ಆಯುಧವೂ ಹೌದು. ಹಾಗಿದ್ದರೂ ಒಟ್ಟಿನಲ್ಲಿ ಈ ವಿಭಾಗವು ಉಪಯುಕ್ತವಾದುದೆಂಬುದಕ್ಕೆ, ನಮ್ಮ ಬೆಂಗಳೂರಿನ ದಂಡಿನಲ್ಲಿಯೇ ಇದ್ದು ಹೋದ ಒಬ್ಬ ಸೈನ್ಯವೈದ್ಯನ ಜೀವನವು ಸಾಕ್ಷಿಯಾಗಿದೆ.

ರೊನಾಲ್ಡ್ ರಾಸ್ ಎಂಬಾತನು 1857ರಲ್ಲಿ ಆಲ್ಮೋರದಲ್ಲಿ ಹುಟ್ಟಿದವನು. ಅವನಿಗೆ ಆಸೆಯಿದ್ದುದು ಕವಿತೆಯಲ್ಲಿ, ಚಿತ್ರದಲ್ಲಿ, ಸಂಗೀತದಲ್ಲಿ. ಸೇನಾಧಿಕಾರಿಯಾಗಿದ್ದ ತಂದೆಯ ಬಲವಂತದಿಂದ ವೈದ್ಯನಾಗಿ, 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವೀಸಿಗೆ ಸೇರಿದನು. ಮದರಾಸಿನ ಕಡೆಯ ಪಟಾಲಮುಗಳಲ್ಲಿ ಅವನಿಗೆ ಬೆಳಗಿನ ಒಂದೆರಡು ಗಂಟೆಗಳ ಹೊರತು ಕೆಲಸವಿರಲಿಲ್ಲ. ಉಳಿದ ಹೊತ್ತಿನಲ್ಲಿ ಗಣಿತವನ್ನು ಓದಿದನು, ಕಾದಂಬರಿಗಳನ್ನು ಬರೆದನು. ಸಂಬಳ ಬರುತ್ತಿತ್ತು, ಬಂಗಲೆಯಿತ್ತು, ಆಳುಗಳಿದ್ದರು. ಮನಸ್ಸು ಮಾತ್ರ ಕೆಲಸದಲ್ಲಿರಲಿಲ್ಲ. 1883ರ ಸುಮಾರಿನಲ್ಲಿ ಬೆಂಗಳೂರಿನಲ್ಲಿದ್ದಾಗ, ತನ್ನ ಕೊಠಡಿಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿರಲು, ಕಿಟಕಿಯ ಹೊರಗಿದ್ದ ತೊಟ್ಟಿಯೊಂದರಲ್ಲಿ ಅವುಗಳ ಮರಿಗಳು ಹೊರಳಾಡುತ್ತಿರುವುದನ್ನು ಕಂಡು ತೊಟ್ಟಿಯನ್ನು ಮಗುಚಿಸಿದನು. ಸೊಳ್ಳೆಗಳು ತಗ್ಗಿದುವು. ಅಧಿಕಾರಿಗಳ ಭೋಜನಶಾಲೆಯ ಸುತ್ತಲಿನ ತೊಟ್ಟಿಗಳನ್ನೂ ಹೀಗೆಯೇ ಮಾಡೋಣವೆಂದು ಪಟಾಲಮಿನ ಅಡ್ಜುಟೆಂಟನಿಗೆ ಸೂಚಿಸಿದಾಗ, ಅದು ಸೃಷ್ಟಿನಿಯಮಕ್ಕೆ ವಿರೋಧವೆಂದು ಆತನು ಒಪ್ಪಲಿಲ್ಲವಂತೆ. ಈ ಪ್ರಸಂಗವನ್ನು ರಾಸನೇ 1923ರ ತನ್ನ ಸ್ಮೃತಿಗ್ರಂಥದಲ್ಲಿ ಹೇಳಿಕೊಂಡಿದ್ದಾನೆ.

1894ರಲ್ಲಿ ರಜದ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನನು ಮಲೇರಿಯದ ಸೂಕ್ಷ್ಮಜೀವಿಯನ್ನು ಅವನಿಗೆ ತೋರಿಸಿಕೊಟ್ಟನು. ಅಂದಿನಿಂದ ರಾಸನು ಬೇರೆ ಮನುಷ್ಯನಾದನು. ಸಂಬಳವೇನೂ ಹೆಚ್ಚಲಿಲ್ಲ, ಹುದ್ದೆಯೂ ಬದಲಾಗಲಿಲ್ಲ. ಸಿಕಂದರಾಬಾದಿನಲ್ಲಿ ಕೆಲಸವನ್ನು ಹಿಡಿದ ಕೆಲವೇ ತಿಂಗಳಲ್ಲಿ, 1895ರಲ್ಲಿ, ವಾಂತಿಭೇದಿಯನ್ನು ತಡೆಯುವುದಕ್ಕಾಗಿ ಬೆಂಗಳೂರಿಗೆ ಕಳುಹಿಸಿದರು. ಇಲ್ಲಿ ಬಾವಿಗಳನ್ನೂ ಚರಂಡಿಗಳನ್ನೂ ನೋಡುತ್ತಾ, ಸಿಕ್ಕಿದ ಬಿಡುವಿನಲ್ಲಿ ಸೊಳ್ಳೆಗಳನ್ನು ಪರೀಕ್ಷಿಸಿದನು. 1897ರಲ್ಲಿ ಸಿಕಂದರಾಬಾದಿಗೆ ಹಿಂದಿರುಗಿದನು. ಆಗಸ್ಟ್ ತಿಂಗಳ ಸೆಕೆ. ಸೊಳ್ಳೆಗಳು ಹಾರಿಹೋದಾವೆಂದು ಪಂಖವನ್ನು ಎಳೆಸುವಂತಿಲ್ಲ. ಹಣೆಯ ಬೆವರಿನಿಂದ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದುವು. ಹುಸೇನ್‌ಖಾನನೆಂಬ ರೋಗಿಯನ್ನು, ಕಚ್ಚಿದ ಸೊಳ್ಳೆ ಒಂದಕ್ಕೆ ಒಂದಾಣೆಯಂತೆ ಕೊಟ್ಟು, ಸೊಳ್ಳೆಗಳಿಂದ ಕಚ್ಚಿಸಿದ್ದನು. ಆಗಸ್ಟ್ 20ರಂದು, ಹಾಗೆ ಕಚ್ಚಿದ ಸೊಳ್ಳೆಯೊಂದರ ಹೊಟ್ಟೆಯ ಗೋಡೆಯಲ್ಲಿ ತಾನು ಹುಡುಕುತ್ತಿದ್ದುದನ್ನು ಕಂಡನು.

ಮುಂದಿನ ತಿಂಗಳು ಬಂದದ್ದೇನು? ವರ್ಗದ ಅಪ್ಪಣೆ. ರಜಪುತಾನದ ಖೇರ್ವಾರ ಎಂಬ ದೂರದ ಠಾಣೆಗೆ, ಅವನ ರೋಗವೇ ಅಪರೂಪವಾಗಿದ್ದ ಸ್ಥಳಕ್ಕೆ, ಹೊರಡಬೇಕಾಯಿತು. ಕೋಪದಿಂದಲೂ ನಿರಾಶೆಯಿಂದಲೂ ಕಾಗದಗಳ ಮೇಲೆ ಕಾಗದಗಳನ್ನು ಬರೆದನು. ಮ್ಯಾನ್ಸನನ ಒತ್ತಾಯದಿಂದ 1898ರ ಆದಿಯಲ್ಲಿ ಕಲ್ಕತ್ತೆಗೆ ವಿಶೇಷ ಕಾರ್ಯಕ್ಕಾಗಿ ಕಳುಹಿಸಲ್ಪಟ್ಟು, ಅಲ್ಲಿ ಹಕ್ಕಿಗಳ ಮಲೇರಿಯ ಸೊಳ್ಳೆಯ ಕಡಿತದಿಂದಲೇ ಹರಡುವುದೆಂದು ಸಾಧಿಸಿ, 1899ರಲ್ಲಿ ಸರ್ವೀಸನ್ನು ಬಿಟ್ಟನು. 1902ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಇಷ್ಟಾದರೂ ತನಗೆ ತಕ್ಕ ಪ್ರತಿಫಲ ಸಲ್ಲಲಿಲ್ಲವೆಂಬ ದೂರನ್ನು ಅವನು ಕೊನೆಯವರೆಗೂ ಬಿಡಲಿಲ್ಲ. ಒಂದೇ ಎದೆಯಲ್ಲಿ ಕೆಲಸದ ಪರಮಾನಂದವೂ ಸರ್ಕಾರದ ಮೇಲಿನ ಕಹಿಯೂ ಜೊತೆಯಾಗಿ ವಾಸಮಾಡಿದುವು. ಹರ್ಜ್‌ಬರ್ಗನಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಪಿಟ್ಸ್‌ಬರ್ಗಿನಲ್ಲಿ ಸಿಕ್ಕಿರಲಾರದು.

ಬೆಂಗಳೂರಿನ ತೊಟ್ಟಿಯ ಕಥೆಗೆ ಉತ್ತರಾರ್ಧವೊಂದಿದೆ. ಅದು ನಡೆದದ್ದು ಅರವತ್ತು ವರ್ಷಗಳಾದಮೇಲೆ, ಬರ್ಮಾದ ಗಡಿಯಲ್ಲಿ. 1943ರಲ್ಲಿ ಜನರಲ್ ಸ್ಲಿಮ್ ಹದಿನಾಲ್ಕನೆಯ ಸೇನೆಯನ್ನು ವಹಿಸಿಕೊಂಡಾಗ, ಗಾಯಗೊಂಡು ಹಿಂದಕ್ಕೆ ಹೋಗುವ ಒಬ್ಬನಿಗೆ 120 ಮಂದಿ ರೋಗದಿಂದ ಹಿಂದಕ್ಕೆ ಹೋಗುತ್ತಿದ್ದರು. ಮಲೇರಿಯಕ್ಕೆ ಮೆಪಾಕ್ರಿನ್ ಮಾತ್ರೆಯಿತ್ತು. ಆದರೆ ಅದರಿಂದ ಗಂಡಸುತನ ಹೋಗುವುದೆಂಬ ಸುಳ್ಳುಸುದ್ದಿ ಹಬ್ಬಿ ಅದನ್ನು ನುಂಗುವವರಿರಲಿಲ್ಲ. ವೈದ್ಯರು ಹೇಳಿ ಹೇಳಿ ಸೋತಿದ್ದರು. ಸ್ಲಿಮ್ ಏನು ಮಾಡಿದನೆಂದರೆ, ಮುನ್ಸೂಚನೆಯಿಲ್ಲದೆ ಪಟಾಲಮುಗಳನ್ನು ಪರೀಕ್ಷೆಮಾಡಿಸಿದನು. ನೂರಕ್ಕೆ 95 ಮಂದಿ ಮಾತ್ರೆಯನ್ನು ತೆಗೆದುಕೊಂಡಿದ್ದಾರೆಂದು ಕಂಡುಬಾರದಿದ್ದರೆ ಪಟಾಲಮಿನ ಅಧಿಪತಿಯನ್ನೇ ಕೆಲಸದಿಂದ ತೆಗೆದನು. ಮೂವರನ್ನು ತೆಗೆಯುವಷ್ಟರಲ್ಲಿ ಉಳಿದವರಿಗೆ ಅರ್ಥವಾಯಿತೆಂದು ಅವನೇ ಬರೆದಿದ್ದಾನೆ. ರೋಗಿಗಳನ್ನು ನೂರಾರು ಮೈಲಿ ಹಿಂದಕ್ಕೆ ಸಾಗಿಸುವ ಬದಲು ರಣರಂಗದ ಹಿಂದೆಯೇ ಚಿಕಿತ್ಸಾಲಯಗಳನ್ನು ಏರ್ಪಡಿಸಿದರು. 1945ರ ಹೊತ್ತಿಗೆ ದಿನವಹಿ ಕಾಯಿಲೆಯವರು ಸಾವಿರಕ್ಕೆ ಒಬ್ಬರಂತೆ ಇಳಿದರು. ವೈದ್ಯರು ಹೇಳುತ್ತಿದ್ದುದು 1943ರಲ್ಲಿಯೂ ಅದೇ, 1945ರಲ್ಲಿಯೂ ಅದೇ. ಅದನ್ನು ಕೇಳುವವನೊಬ್ಬನು ಮೇಲೆ ಬಂದನು, ಅಷ್ಟೆ. ತನ್ನ ವಿದ್ಯೆಯಿಂದ ಬದುಕಿದವರನ್ನು ಕಣ್ಣಿನಿಂದ ಕಾಣುವುದಕ್ಕಿಂತ ಹೆಚ್ಚಿನ ಸಂಬಳ ವೈದ್ಯನಿಗೆ ಯಾವುದು?

ಇದುವರೆಗೆ ಡಾಕ್ಟರುಗಳ ಮಾತಾಯಿತು. ಅವರ ಕೈಕೆಳಗಿನವರನ್ನು ಮರೆಯಬಾರದು. 1899ರ ಕೊನೆಯಲ್ಲಿ ನೇಟಾಲಿನಲ್ಲಿ ಗಾಂಧಿಯವರು ಭಾರತೀಯರ ಶುಶ್ರೂಷಾದಳವನ್ನು ಕಟ್ಟಿದರು. ಅದರಲ್ಲಿ ಸುಮಾರು 1,100 ಮಂದಿಯಿದ್ದು, ಅವರಲ್ಲಿ ಹೆಚ್ಚಿನವರು ಕರಾರಿನ ಕೂಲಿಗಳು. ನಾಯಕರು ಸಂಬಳವನ್ನು ತೆಗೆದುಕೊಳ್ಳಲಿಲ್ಲ. ಗುಂಡಿನ ಸೀಮೆಯೊಳಕ್ಕೆ ಹೋಗಬೇಕಾಗಿಲ್ಲವೆಂಬುದು ಒಪ್ಪಂದವಾಗಿತ್ತು. ಸ್ಪಿಯನ್ ಕಾಪಿನ ಕಾಳಗದಲ್ಲಿ ಬರುವಿರಾ ಎಂದು ಕೇಳಿದಾಗ ಹೋದರು, ಗಾಯಾಳುಗಳನ್ನು ದಿನಕ್ಕೆ ಇಪ್ಪತ್ತು ಮೈಲಿಗೂ ಹೆಚ್ಚು ಹೊತ್ತರು. ಕೂಲಿಗಳನ್ನು ಅವರ ಯಜಮಾನರೇ ಕಳುಹಿಸಿಕೊಟ್ಟಿದ್ದುದರಿಂದ ಅವರ ಮನಸ್ಸಿನಲ್ಲಿ ಏನಿತ್ತೆಂದು ಹೇಳುವ ಧೈರ್ಯ ನನಗಿಲ್ಲ. ಬರೆದಿಟ್ಟವರು ನಾಯಕರು ಮಾತ್ರ. ಕೈಕೆಳಗಿನವರ ತೃಪ್ತಿಯನ್ನು ಕುರಿತ ಚರಿತ್ರೆಯೆಲ್ಲವೂ ಬಹುಮಟ್ಟಿಗೆ ಹೀಗೆಯೇ ಇದೆ. ದಾದಿಯರ ಸ್ಥಿತಿ ಸ್ವಲ್ಪ ಮೇಲು. 1888ರಲ್ಲಿ ಹತ್ತು ಮಂದಿ ದಾದಿಯರು ಬೊಂಬಾಯಿಯಲ್ಲಿ ಬಂದಿಳಿದುದು ಭಾರತದ ಸೈನ್ಯದಲ್ಲಿ ಈ ವೃತ್ತಿಗೆ ಆರಂಭ. ಅಧಿಕಾರಿಗಳ ಅಂತಸ್ತು ಶಾಸನದಿಂದ ಅವರಿಗೆ ಬಂದದ್ದು 1943ರಲ್ಲಿ. ಅದೇ ವರ್ಷದ ಏಪ್ರಿಲಿನಲ್ಲಿ, ಬೇರೆ ಬೇರೆಯಾಗಿದ್ದ ವೈದ್ಯರು, ಉಪವೈದ್ಯರು, ಆಸ್ಪತ್ರೆಯ ಆಳುಗಳು ಎಲ್ಲರನ್ನೂ ಸೇರಿಸಿ ಇಂಡಿಯನ್ ಆರ್ಮಿ ಮೆಡಿಕಲ್ ಕೋರ್ ಎಂಬ ಒಂದೇ ದಳವನ್ನಾಗಿ ಮಾಡಿದರು. 2004ರಲ್ಲಿ ಪುನೀತಾ ಅರೋರಾ ಎಂಬ ಸೈನ್ಯವೈದ್ಯೆಯು ಲೆಫ್ಟಿನೆಂಟ್ ಜನರಲ್ ಪದವಿಗೇರಿದ ಭಾರತದ ಮೊದಲನೆಯ ಮಹಿಳೆಯಾದರು.

ಇಂದಿನ ನಮ್ಮ ಸೈನ್ಯದಲ್ಲಿ ರಾಸನ ಕಾಲದ ಸೋಮಾರಿತನಕ್ಕೆ ಎಡೆಯಿಲ್ಲ. ಸೈನಿಕರ ಹೆಂಡಿರು ಮಕ್ಕಳಿಗೂ ಚಿಕಿತ್ಸೆಯುಂಟಾದ್ದರಿಂದ, ಪುಣೆಯ ವೈದ್ಯಕಾಲೇಜಿನಲ್ಲಿ ಕಲಿತು ಬಂದವರಿಗೆ ಹೆರಿಗೆಯಿಂದ ಹೃದ್ರೋಗದವರೆಗೆ ಎಲ್ಲ ಬಗೆಯ ಕೆಲಸವೂ ಸಿಕ್ಕುತ್ತದೆ. ಖಾಸಗಿ ವೃತ್ತಿಯನ್ನು ನಡೆಸಬಾರದೆಂಬ ಕಟ್ಟಿಗೆ ಪ್ರತಿಯಾಗಿ ಸಂಬಳದ ಮೇಲೆ ಪ್ರತ್ಯೇಕ ಭತ್ಯವುಂಟು. ಇದು ಹರ್ಜ್‌ಬರ್ಗನ ಮೊದಲನೆಯ ಬಗೆ. ಎರಡನೆಯ ಬಗೆಗೆ ಕೊರಿಯದ ಒಂದು ಪ್ರಸಂಗವನ್ನು ಹೇಳಿ ಮುಗಿಸುತ್ತೇನೆ.

1950ರ ನವೆಂಬರಿನಲ್ಲಿ ಭಾರತವು ಕೊರಿಯಕ್ಕೆ ಕಾದಾಡುವ ದಳವನ್ನು ಕಳುಹಿಸದೆ, 60ನೆಯ ಪ್ಯಾರಾಷೂಟ್ ಫೀಲ್ಡ್ ಆಂಬ್ಯುಲೆನ್ಸ್ ಎಂಬ ವೈದ್ಯದಳವನ್ನು ಕಳುಹಿಸಿತು. ಅದರ ಅಧಿಪತಿಗಳು ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರು. ಡಿಸೆಂಬರಿನ ಆದಿಯಲ್ಲಿ ಚೀಣೀಯರ ಸೈನ್ಯವು ನುಗ್ಗಿಬರಲು, ಪ್ಯೋಂಗ್‌ಯಾಂಗನ್ನು ಬಿಟ್ಟು ಹಿಂದೆ ಸರಿಯಬೇಕೆಂದು ಎಲ್ಲರಿಗೂ ಅಪ್ಪಣೆಯಾಯಿತು. ಇವರಿಗೆ ಸಾಕಾದಷ್ಟು ಮೋಟಾರು ಬಂಡಿಗಳಿರಲಿಲ್ಲ. ಸಲಕರಣೆಗಳನ್ನು ಬಿಟ್ಟುಬಿಟ್ಟರೆ ತಾವು ಹೋಗಬಹುದಾಗಿತ್ತು. ಶಸ್ತ್ರಗಳೂ ಔಷಧಗಳೂ ಇಲ್ಲದ ವೈದ್ಯದಳವು ಹೋಗಿ ಏನು ಮಾಡೀತು? ನಿಲ್ದಾಣದಲ್ಲಿ ಹಳೆಯದೊಂದು ಉಗಿಯಂತ್ರವೂ ಕೆಲವು ಡಬ್ಬಿಗಳೂ ಸಿಕ್ಕಿದುವು. ಯಂತ್ರದ ಕೆಲಸವನ್ನು ಸ್ವಲ್ಪ ಬಲ್ಲವರು ದಳದಲ್ಲಿಯೇ ಇದ್ದರು. ಉಳಿದವರು ಸಾಲಾಗಿ ನಿಂತು ಬಕೀಟುಗಳನ್ನು ಕೈಯಿಂದ ಕೈಗೆ ದಾಟಿಸಿ ಯಂತ್ರಕ್ಕೆ ನೀರು ತುಂಬಿದರು. ಪೆಟ್ಟಿಗೆಗಳನ್ನೆಲ್ಲಾ ಏರಿಸಿಕೊಂಡು, ತಾವೇ ರೈಲನ್ನು ನಡೆಸಿಕೊಂಡು ನದಿಯನ್ನು ದಾಟಿದ ಸ್ವಲ್ಪ ಹೊತ್ತಿನಲ್ಲಿಯೇ ಹಿಂದಿನ ಸೇತುವೆಗಳನ್ನು ಸಿಡಿಸಲಾಯಿತು. ಮುಂದಿನ ಮಾರ್ಚ್ 23ರಂದು ಮುನ್ಸಾನಿಯ ಬಳಿ ಅಮೆರಿಕದ ಪ್ಯಾರಾಷೂಟ್ ದಳದೊಡನೆ ಆಕಾಶದಿಂದ ಇಳಿದವರಲ್ಲಿ ಈ ದಳದ ಹನ್ನೆರಡು ಮಂದಿ ಇದ್ದರು. ರಂಗರಾಜ್ ಅವರಿಗೆ ಮಹಾವೀರ ಚಕ್ರವು ದೊರೆಯಿತು. ದಳವು 1954ರ ಆದಿಯವರೆಗೂ ಕೊರಿಯದಲ್ಲಿಯೇ ಉಳಿಯಿತು.